ಹೋಗದೇ ಇರಾಕ ನಲವತ್ತು ಲೀಟರ್

ಹಳೇ ಟಾಕಿ ಬಿಚ್ಚಿ ಬಿಸಲಿಗೆ ಹಿಡದೆ.
ತಳದಾಗ ಚಿಕ್ಕಿ ಕಂಡವು, ಮಟಮಟ ಮಧ್ಯಾಹ್ನ.
ಪೋರ್ತುಗೀಜರ ಕಾಲಕ್ಕ ಹಡಗದಿಂದ ಇಳದ ಒಪೆಲ್ ಗಾಡಿ,
ಈಗ ಚಿಖಲಿ ಬೇಕರಿಯ ಎರ್ಮೆಲಿಂಡಾ ಬಾಯಿದು.
"ಮಳಿ ಹೊಕ್ಕಿತೇನು, ರಾಜೇಸಾಬ್?"
ಮಳಿ ಅಲ್ರಿ ಬಾಯಿ.
ಮಳಿ ಬಡಕೋಂತ ಬರತದ, ಗೊತ್ತಾಗತದ.
ಇದು ಒಳಗ ಕುಂತು ತಿಂದದ್ದು.

ವಾಸ್ಕೋದಾಗ ಗಾಳಿಗೇ ಉಪ್ಪು.
ಮೊಳಿಗೆ ತೂಗಹಾಕಿದ ಪಾನಾ ಎಂಟು ದಿನ ಮುಟ್ಟದಿದ್ರ
ಚಹಾದ ಬಣ್ಣ ತಿರಗತದ.
ನಮ್ಮ ಮುಳಗುಂದದ ಕಡೆ ಹರಕ ನೇಗಿಲ ಬದುವಿಗೆ ಬಿದ್ದು
ಮೂರು ವರ್ಷಾದ್ರೂ ಕಬ್ಬಿಣ ಕಬ್ಬಿಣನ.
ಇಲ್ಲಿ ಅದು ರಾತ್ರಿ ಬೆವರತದ.

ಇನ್ನೊಂದು ತೂತಿತ್ತು, ಪಟ್ಟಿ ಬಿಗದ ಜಾಗಾದಾಗ.
ಟಾಕಿ ತಿಕ್ಕಬಾರದಂತ ಯಾವನೋ ಪುಣ್ಯಾತ್ಮ
ಪಟ್ಟಿ ಬುಡಕ ಕಂಬಳಿ ತುಂಡು ಇಟ್ಟಿದ್ದ.
ಕಂಬಳಿ ಅರವತ್ತು ಮಳಿಗಾಲ ನೀರು ಕುಡದು
ಒಂದು ಹನಿ ಬಿಡಲಾರದ ಅವಚಿಕೊಂಡು ಕುಂತಿತ್ತು.
ದಾವಲ ಅದನ್ನ ಬೆರಳಿಂದ ಕೆದರಿ ನಕ್ಕ.
ನಾ ನಗಲಿಲ್ಲ. ಅವತ್ತು ನಾನಾಗಿದ್ರೂ ಅದನ್ನ ಇಡತಿದ್ದೆ.

ಹೊಸಾದು ಬೆಳಗಾವಿ ತಗಡಿನವ ಬಡದು ಕೊಟ್ಟದ್ದು,
ಬಸ್ಸಿನ ಟಪ್ಪಿನ ಮ್ಯಾಲೆ, ಗೋಣಿಚೀಲ ಹೊತ್ತು ಬಂತು.
ಒಂದು ಹಿಡಿ ನಟ್ಟು, ಒಂದು ಮಾರು ಸೈಕಲ್ ಚೈನು
ಒಳಗ ಹಾಕಿ, ನಾನೊಂದು ಕಡೆ ದಾವಲ ಒಂದು ಕಡೆ,
ಜೋಳ ಕೇರಿದಂಗ ಕೇರಿದಿವಿ;
ವೆಲ್ಡಿಂಗಿನ ಹರಳು ಉದುರಿ ಬಿತ್ತು.
ಸೀಮೆಎಣ್ಣಿ, ಸೋಪಿನ ನೀರು, ಮ್ಯಾಲ ಬಿಸಿ ಗಾಳಿ.
ಒಣಗಿಸೋದು ತಡಾ ಮಾಡಬಾರದು,
ಒಂದು ಚಹಾ ಕುಡದು ಬರೂದರಾಗ ತುಕ್ಕು ಬಂದು ಮಾತಾಡಸತದ.
ಹೊರಗ ಜಿಂಕ್ ಬಳದು, ಹೊಲಿಗಿ ಇದ್ದಲ್ಲಿ
ಬ್ರಷಿನ ತುದಿ ಕತ್ತರಿಸಿ ತುರುಕಿ ತುರುಕಿ ಬಳದು,
ಅದರ ಮ್ಯಾಲ ಕರೇ ಬಣ್ಣ ಎರಡು ಸಲ.
ಕಂಬಳಿ ಬದಲಿ ಟ್ಯೂಬಿನ ರಬ್ಬರು, ಗ್ರೀಸು ಸವರಿ.

"ಒಳಗ ಏನು ಬಳದಿ?"
ಏನೂ ಇಲ್ರಿ.
ಒಳಗ ಬಳದದ್ದು ಒಂದಿನ ಸುಲದು ಪೈಪಿಗೆ ಬರತದ.
ಒಳಗ ಪೆಟ್ರೋಲ್ ಇರಬೇಕು, ಕೊರಳ ತನಕ.
ಬಾಯಿ ಮಾರಿ ನೋಡಿದೆ.
ಅಕಿ ಇನ್ನೂರು ರೂಪಾಯಿದು ಹಾಕಸಾಕಿ, ಪ್ರತಿ ಸಲ ಇನ್ನೂರು,
ದಿನದ ಪಾವಿನ ರೊಕ್ಕ ದಿನಾ ಎಣಸಾಕಿ.
ಮೂವತ್ತೆಂಟು ಲೀಟರಿನ ಖಾಲಿ ಜಾಗಾದಾಗ
ಬಂದರದ ಗಾಳಿ ಸಂಸಾರ ಹೂಡಿತ್ತು.
"ಮಳಿಗಾಲ ನಾಕು ತಿಂಗಳು ಗಾಡಿ ಹೊರಗ ತಗಿಯೂದಿಲ್ಲ.
ಎಲ್ಲಿಗೂ ಹೋಗದೇ ಇರಾಕ ನಲವತ್ತು ಲೀಟರ್ ಹಾಕಸಬೇಕಾ?"
ಹೂನ್ರಿ. ಹೋಗದೇ ಇರಾಕನ.
ಅಕಿ ಹೊಟ್ಟಿ ಹಿಡಕೊಂಡು ನಕ್ಕಳು. ಆಮ್ಯಾಲ ಸುಮ್ಮನಾದಳು.
ನಾನೂ ತಿಂಗಳ ಕೊನಿಗೆ ಊರಿಗೆ ಕಳಸಿ
ಖಾಲಿ ಕಿಸೆದಾಗ ಕೈ ಇಟಗೊಂಡು ನಿಂತಾವ.
ಯಾರಿಗೆ ಏನು ಬುದ್ಧಿ ಹೇಳಲಿ?

ಏಪ್ರಿಲಿನಿಂದ ಶನಿವಾರಕ್ಕೊಂದು ಕ್ಯಾನು, ಐದೈದು ಲೀಟರ್,
ಸ್ಕೂಟರಿನ ಮುಂದ ಇಟಗೊಂಡು ತಾನ ತಂದಳು,
ಅದರ ಮ್ಯಾಲ ಕಾಗದದಾಗ ಸುತ್ತಿದ ಬಿಸಿ ಪಾವು ನಾಕು.
ಪಾವು ಪೆಟ್ರೋಲ್ ನಾರತಿತ್ತು.
ದಾವಲ ನಾಕೂ ತಿಂದ. ರಾತ್ರಿ ಬೀಡಿ ಹಚ್ಚಾಕ ಹೆದರಿ
ಬಾಯಾಗ ಇಟಗೊಂಡು ಹಂಗ ಮಲಗಿದ.

ಎಂಟನೇ ಕ್ಯಾನಿಗೆ ಬೋಗಮಾಳದ ಕಡೆ ಮುಗಲು ಕರಗಾತು.
ಮುಚ್ಚಳ ತಿರುವಿ, ಗಾಡಿ ಬುಡಕ ಅಂಗಾತ ಮಲಗಿ
ಬೆರಳಗಂಟಿಲೆ ಟಾಕಿಗೆ ಬಡದೆ.
ಹಳೇದು ಗಂಟಿಯಂಗ ಅಂತಿತ್ತು, ಊರಿಗೆಲ್ಲಾ ಕೇಳೂವಂಗ.
ಇದು ಬರೇ
ಥಪ್ ಅಂತು.
ಇನ್ನೊಂದು ಸಲ ಬಡದೆ, ಸುಮ್ಮನ.